ಎರಡು ಚಿತ್ರ, ಒಂದೇ ಬೆನ್ನು

ಹುಕ್ಕೇರಿಯ ಬಾಳವ್ವನ ಬೆನ್ನನ್ನು ಒಂದೇ ಸಾಫ್ಟ್‌ವೇರ್ ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ಓದಿ, ಎರಡು ಬೇರೆ ಅಂಕಿ ಕೊಟ್ಟಿತ್ತು. ಮೊದಲಿನದು ನೂರಕ್ಕೆ ಎಂಬತ್ನಾಲ್ಕು. ಎರಡನೆಯದು ಮೂವತ್ತೇಳು. ಗೋಕಾಕದ ಆಸ್ಪತ್ರೆಯೊಂದರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಶೈಲಾ ಇದನ್ನು ಗಮನಿಸಿದ್ದು ಸೋಮವಾರ ಬೆಳಿಗ್ಗೆ, ಚಹಾ ಕುಡಿಯುತ್ತ ಆ ವಾರದ ಆಪರೇಷನ್‌ಗಳ ಚಿತ್ರಗಳನ್ನು ನೋಡುತ್ತಿದ್ದಾಗ. ಬಾಳವ್ವನ ಆಪರೇಷನ್ ಗುರುವಾರವಿತ್ತು.

ಆ ಅಂಕಿ ಹೇಳುತ್ತಿದ್ದುದು ಒಂದೇ ಸಂಗತಿ: ಮೂಳೆಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕೋ ಬೇಡವೋ. ಅಂಕಿ ಏರಿದಷ್ಟೂ ಸ್ಕ್ರೂ ಬೇಕಾಗುವ ಸಂಭವ ಹೆಚ್ಚು.

ಆಪರೇಷನ್ ಬೇಕೆನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಬಾಳವ್ವನ ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲೆ ತುಸು ಮುಂದಕ್ಕೆ ಜಾರಿತ್ತು. ನರಗಳು ಇಳಿಯುವ ದಾರಿ ಅಲ್ಲಿ ಇಕ್ಕಟ್ಟಾಗಿತ್ತು. ಬಲಗಾಲಿನ ಹೆಬ್ಬೆರಳನ್ನು ಮೇಲೆತ್ತಲು ಆಕೆಗೆ ಬಲ ಸಾಲುತ್ತಿರಲಿಲ್ಲ. ನಡೆಯುವಾಗ ಆ ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯುತ್ತಿತ್ತು. ನರವನ್ನು ಒತ್ತುತ್ತಿದ್ದ ಮೂಳೆಯ ಭಾಗವನ್ನು ಕೆತ್ತಿ ಜಾಗ ಮಾಡಿಕೊಡಬೇಕಿತ್ತು. ಅಷ್ಟೇ ಸಾಕೋ, ಜಾರಿದ ಮೂಳೆಯನ್ನು ಸ್ಕ್ರೂ ಮತ್ತು ಸಲಾಕೆಗಳಿಂದ ಕೆಳಗಿನ ಮೂಳೆಗೆ ಬಂಧಿಸಬೇಕೋ ಎಂಬುದು ಪ್ರಶ್ನೆ. ಜಗತ್ತಿನ ಬೆನ್ನುಮೂಳೆ ತಜ್ಞರು ಬಹಳ ವರ್ಷ ಸ್ಕ್ರೂ ಹಾಕುವುದೇ ಸುರಕ್ಷಿತ ಎಂದು ನಂಬಿದ್ದರು. ಇತ್ತೀಚಿನ ವರ್ಷಗಳಲ್ಲಿ ಉತ್ತರ ಯುರೋಪಿನಲ್ಲಿ ನಡೆದ ಅಧ್ಯಯನಗಳು ಇಂಥ ಎಷ್ಟೋ ರೋಗಿಗಳಿಗೆ ಸ್ಕ್ರೂ ಇಲ್ಲದ ಸಣ್ಣ ಆಪರೇಷನ್ನೂ ಅಷ್ಟೇ ಗುಣ ಕೊಡುತ್ತದೆ ಎಂದು ತೋರಿಸಿದವು. ಆದರೆ ಯಾವ ರೋಗಿಗೆ ಯಾವುದು ಎಂದು ಆರಿಸುವುದು ಈಗಲೂ ಸುಲಭವಲ್ಲ. ಸಾಫ್ಟ್‌ವೇರ್ ಬಂದದ್ದು ಆ ಆಯ್ಕೆಗೆ ನೆರವಾಗಲೆಂದು.

ಬಾಳವ್ವನಿಗೆ ಇದು ತಜ್ಞರ ಚರ್ಚೆಯಾಗಿರಲಿಲ್ಲ. ಅರವತ್ತು ದಾಟಿದ ಆಕೆ ಮನೆಯಲ್ಲೇ ಖಡಕ್ ರೊಟ್ಟಿಯ ಉದ್ಯೋಗ ನಡೆಸುತ್ತಿದ್ದಳು. ನಾಲ್ಕು ಮಂದಿ ಹೆಂಗಸರು ಬೆಳಿಗ್ಗೆಯಿಂದ ಒಲೆಗಳ ಮುಂದೆ ಕುಳಿತು ರೊಟ್ಟಿ ಬಡಿದರೆ, ಅವು ಹತ್ತರಗಿಯ ಹೆದ್ದಾರಿ ಪಕ್ಕದ ಹೋಟೆಲುಗಳಿಗೆ ಹೋಗುತ್ತಿದ್ದವು. ಕೂಲಿಗೆ ಹೆಂಗಸರಿದ್ದರೂ ಮೊದಲ ಒಲೆಯ ಮುಂದೆ ಕೂರುವವಳು ಬಾಳವ್ವನೇ. ಸ್ಕ್ರೂ ಹಾಕಿದರೆ ಒಂದು ವರ್ಷ ನೆಲದ ಮೇಲೆ ಕೂರುವಂತಿಲ್ಲ, ಆಮೇಲೂ ಮೊದಲಿನಂತೆ ಬಾಗಿ ಹೊತ್ತುಗಟ್ಟಲೆ ಕೂರಲು ಬೆನ್ನು ಬಿಡಲಿಕ್ಕಿಲ್ಲ ಎಂದು ಶೈಲಾ ಹೇಳಿದ್ದಳು. ಮಗ ಗುರುರಾಜ ಅರಭಾವಿಯ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಕೆಲಸಕ್ಕಿದ್ದ. ಕಟ್ಟೆ ಕಟ್ಟಿ ಗ್ಯಾಸ್ ಒಲೆ ಇಡಿಸುತ್ತೇನೆ, ನಿಂತುಕೊಂಡೇ ಬಡಿಯಬಹುದು ಎಂದು ಅವನು ಸಮಾಧಾನ ಹೇಳಿದ.

"ನಿಂತ ಬಡದ ರೊಟ್ಟಿ ನಿಂತ ತಿನ್ನೂ ಮಂದಿಗೆ ಕೊಡು" ಎಂದಿದ್ದಳು ಬಾಳವ್ವ.

ಆದರೂ ಒಪ್ಪಿಕೊಂಡಿದ್ದಳು. ಮಷಿನ್ನು ಸಾವಿರಾರು ಬೆನ್ನು ನೋಡಿದೆ, ತನ್ನದು ಒಂದೇ ಬೆನ್ನು ಎನ್ನುವುದು ಆಕೆಯ ಲೆಕ್ಕ. ಮೊದಲ ಒಲೆಯನ್ನು ಜೊತೆಗಾತಿ ಅಲ್ಲವ್ವನಿಗೆ ಬಿಟ್ಟುಕೊಡುವ ಮಾತೂ ಆಗಿತ್ತು.

ಎಂಬತ್ನಾಲ್ಕು ಬಂದದ್ದು ಹತ್ತರಗಿಯಲ್ಲಿ ತಪಾಸಣೆ ಶಿಬಿರ ನಡೆದಾಗ, ಎಕ್ಸ್-ರೇ ಯಂತ್ರವಿದ್ದ ವ್ಯಾನಿನಲ್ಲಿ ತೆಗೆದ ಚಿತ್ರದಿಂದ. ರೊಟ್ಟಿ ಕೊಡಲು ಹೋಗಿದ್ದ ಬಾಳವ್ವ ಸಾಲು ಸಣ್ಣದಿದೆ ಎಂದು ನಿಂತಿದ್ದಳು. ಶಿಬಿರದಲ್ಲಿ ಆಕೆಯನ್ನು ಮೊದಲು ಪರೀಕ್ಷಿಸಿದವಳು ಶೈಲಾಳೇ. ಮೂವತ್ತೇಳು ಬಂದದ್ದು ಮೊನ್ನೆ ಶನಿವಾರ, ಆಪರೇಷನ್ನಿನ ತಯಾರಿಗೆಂದು ಗೋಕಾಕದಲ್ಲಿ ತೆಗೆದ ಚಿತ್ರದಿಂದ. ಕೆಲವೇ ದಿನಗಳಲ್ಲಿ ಬೆನ್ನು ಅಷ್ಟು ಬದಲಾಗುವುದಿಲ್ಲ.

ಶೈಲಾ ಎಕ್ಸ್-ರೇ ವಿಭಾಗದ ಕಾಶಿನಾಥನನ್ನು ಕರೆದಳು. ಗೋಕಾಕ ಫಾಲ್ಸಿನವನಾದ ಕಾಶಿನಾಥನ ತಂದೆ ಅಲ್ಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. ಮಗನಿಗೆ ಯಂತ್ರಗಳ ಮೇಲಿನ ಅಭಿಮಾನ ಅಲ್ಲಿಂದ ಬಂದದ್ದಿರಬೇಕು. ತನ್ನ ಎಕ್ಸ್-ರೇ ಯಂತ್ರದ ಬಗ್ಗೆ ಯಾರಾದರೂ ಸಂಶಯ ಪಟ್ಟರೆ ಅವನಿಗೆ ಸೇರುತ್ತಿರಲಿಲ್ಲ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದ ಅವನು, ತಪ್ಪಿದ್ದರೆ ವ್ಯಾನಿನ ಚಿತ್ರದಲ್ಲೇ ಇರಬೇಕು ಎಂದ. ಅಲ್ಲಿ ರೋಗಿಯನ್ನು ಸರಿಯಾಗಿ ಮಲಗಿಸಿಲ್ಲ, ತುಸು ಓರೆಯಾಗಿದೆ ಎಂದ.

ಅದು ನಿಜವೇ ಆಗಿತ್ತು. ಆದರೆ ಹಾಗೆ ಓರೆಯಾದ ಬೇರೆ ಎಷ್ಟೋ ಚಿತ್ರಗಳನ್ನು ಸಾಫ್ಟ್‌ವೇರ್ ಸರಿಯಾಗಿ ಓದಿತ್ತು. ಶೈಲಾ ವ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲೇ ನೆಟ್ಟಗೆ ತಿರುಗಿಸಿ ಮತ್ತೆ ಓದಿಸಿದಳು. ಎಂಬತ್ಮೂರು. ಬೆಳಕು ಕಡಿಮೆ ಮಾಡಿದಳು, ಹೆಚ್ಚು ಮಾಡಿದಳು. ಅಂಕಿ ಹೆಚ್ಚು ಕದಲಲಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರಿಂದ ಇರಬಹುದೇ ಎಂದು ಕಾಶಿನಾಥ ಕೇಳಿದ. ಗಾಳಿ ಶನಿವಾರದ ಚಿತ್ರದಲ್ಲೇ ಜಾಸ್ತಿ ಇತ್ತು. ಎರಡೂ ಸಲ ಮುಂದಿನಿಂದೊಂದು, ಪಕ್ಕದಿಂದೊಂದು ಚಿತ್ರ ತೆಗೆದಿದ್ದರು. ಜಾರಿಕೆ ಸ್ಪಷ್ಟವಾಗಿ ಕಾಣುವುದು ಪಕ್ಕದಿಂದ ತೆಗೆದ ಚಿತ್ರದಲ್ಲಿ. ಎರಡು ದಿನದ ಪಕ್ಕದ ಚಿತ್ರಗಳನ್ನು ಅದಲುಬದಲು ಮಾಡಿ ಓದಿಸಿದರೂ ಅಂಕಿ ಬಹುತೇಕ ಇದ್ದಲ್ಲೇ ಇತ್ತು. ಅಂದರೆ ಸಾಫ್ಟ್‌ವೇರಿಗೆ ವ್ಯತ್ಯಾಸ ಕಂಡದ್ದು ಮುಂದಿನಿಂದ ತೆಗೆದ ಚಿತ್ರದಲ್ಲಿ. ಜಾರಿಕೆ ಸರಿಯಾಗಿ ಕಾಣದ ಚಿತ್ರದಲ್ಲಿ.

ಇಲ್ಲಿಗೆ ಬಂದಾಗ ಶೈಲಾಳ ಚಹಾ ಆರಿಹೋಗಿತ್ತು. ಹೊರಗೆ ರೋಗಿಗಳು ಕಾಯುತ್ತಿದ್ದರು. ಅವಳು ಎರಡೂ ಚಿತ್ರಗಳನ್ನು ಹುಬ್ಬಳ್ಳಿಯ ಸುಮನಳಿಗೆ ಕಳಿಸಿ ಓಪಿಡಿಗೆ ಹೋದಳು.

ಸುಮನ ಸಾಫ್ಟ್‌ವೇರಿಗೆ ತರಬೇತಿ ಕೊಟ್ಟ ಸಂಶೋಧನಾ ತಂಡದವಳು, ಕರಾವಳಿಯ ಹುಡುಗಿ. ಸಾಫ್ಟ್‌ವೇರ್ ಮೂಲತಃ ಹೊರದೇಶದ್ದು. ಅಲ್ಲಿನ ಜನರ ಬೆನ್ನುಗಳನ್ನು ನೋಡಿ ಕಲಿತದ್ದು. ಹೊಲದಲ್ಲಿ ದುಡಿದ, ನೆಲದಲ್ಲಿ ಕೂತು ಎದ್ದ ಬೆನ್ನುಗಳಿಗೆ ಅದನ್ನು ಹೊಂದಿಸಬೇಕೆಂದು ಅವಳ ತಂಡ ಗೋಕಾಕದ ಆಸ್ಪತ್ರೆಯ ಹಳೆಯ ಎಕ್ಸ್-ರೇಗಳನ್ನು ಪಡೆದು ಅದಕ್ಕೆ ಮತ್ತೆ ಕಲಿಸಿತ್ತು. ಯಾವ ಚಿತ್ರದ ರೋಗಿಗೆ ಕೊನೆಗೆ ಸ್ಕ್ರೂ ಹಾಕಲಾಯಿತು, ಯಾರಿಗೆ ಹಾಕಲಿಲ್ಲ ಎಂಬುದನ್ನೂ ತಿಳಿಸಿ, ಉಳಿದದ್ದನ್ನು ಅದಕ್ಕೇ ಬಿಟ್ಟಿದ್ದರು. ಏನು ನೋಡಿ ತೀರ್ಮಾನಿಸಬೇಕು ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಆದರೆ ಎಲ್ಲಿ ನೋಡಿತು ಎಂದು ಕೇಳುವ ಒಂದು ಉಪಾಯವಿತ್ತು. ಸಾಫ್ಟ್‌ವೇರ್ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡ ಜಾಗ ಕೆಂಪಾಗಿಯೂ ಕಡಿಮೆ ತೆಗೆದುಕೊಂಡ ಜಾಗ ನೀಲಿಯಾಗಿಯೂ ಕಾಣುವ ಬಣ್ಣದ ಚಿತ್ರ.

ಮಧ್ಯಾಹ್ನ ಆ ಚಿತ್ರ ಬಂತು. ಹಿಂದೆಯೇ ಸುಮನಳ ಫೋನೂ ಬಂತು. ಕಾಶಿನಾಥ ಅಲ್ಲೇ ನಿಂತಿದ್ದ.

"ಮೇಡಂ, ನಾಲ್ಕನೇ ಮೂಳೆಯ ಹತ್ತಿರ ಕೆಂಪು ಹೆಚ್ಚಿಲ್ಲ" ಎಂದಳು ಸುಮನ. "ಎರಡನೇ ಮೂಳೆಯ ಪಕ್ಕದಲ್ಲಿ ನೋಡಿ, ಪೂರ್ತಿ ಕೆಂಪು. ಅಲ್ಲೇನಿದೆ?"

ಶೈಲಾ ನೋಡಿದಳು. "ಅಲ್ಲೇನಿಲ್ಲ. ಅದು ಲಿಂಗ."

"ಏನು?"

"ಕೊರಳಾಗಿನ ಲಿಂಗ. ಬೆಳ್ಳಿ ಕರಡಗಿ ಒಳಗ ಇರತೈತಲ್ಲ, ಅದು. ಮಲಗಿದಾಗ ಹೊಟ್ಟಿ ಮ್ಯಾಲ ಸರದೈತಿ."

"ಅಂದರೆ ಅಲ್ಲಿ ಒಂದು ವಸ್ತು ಇದೆ" ಎಂದಳು ಸುಮನ.

ಮುಂದಿನಿಂದ ತೆಗೆದ ಆ ಚಿತ್ರದಲ್ಲಿ ಸಣ್ಣ ಲಿಂಬೆಹಣ್ಣಿನಷ್ಟು ಗಾತ್ರದ ಬಿಳಿ ಗುರುತು ಬೆಳಿಗ್ಗೆಯಿಂದ ಅವಳ ಕಣ್ಣ ಮುಂದೆಯೇ ಇತ್ತು. ಮೂಳೆಗಿಂತ ಬೆಳ್ಳಗೆ, ಎಲ್ಲಕ್ಕಿಂತ ಢಾಳಾಗಿ. ಅವಳು ಗಾಳಿ ನೋಡಿದ್ದಳು, ಓರೆ ನೋಡಿದ್ದಳು, ಬೆಳಕು ನೋಡಿದ್ದಳು. ಅದನ್ನು ನೋಡಿರಲಿಲ್ಲ. ಮೂಡಲಗಿಯ ಅರಿವೆ ವ್ಯಾಪಾರಿಯ ಮಗಳಾದ ಅವಳು ಹುಟ್ಟಿದಾಗಿನಿಂದ ಅಜ್ಜಿ, ತಾಯಿ, ಅತ್ತೆಯಂದಿರ ಕೊರಳಲ್ಲಿ ಅದನ್ನು ಕಂಡವಳು. ಡಾಕ್ಟರಾದ ಮೇಲೆ ಈ ಭಾಗದ ಎಕ್ಸ್-ರೇಗಳಲ್ಲಿ ಅದನ್ನು ದಿನವೂ ಕಂಡವಳು.

ಸುಮನ ಮೆಲ್ಲಗೆ ಇನ್ನೊಂದು ಮಾತು ನೆನಪಿಸಿದಳು. ತರಬೇತಿಗೆ ಮೊದಲು ಹಳೆಯ ಚಿತ್ರಗಳಲ್ಲಿ ಮೈಮೇಲಿನ ಹೊರ ವಸ್ತುಗಳನ್ನೆಲ್ಲ ಗುರುತು ಮಾಡಿ ಕೊಡಿ, ಸಾಫ್ಟ್‌ವೇರ್ ಅವುಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಮುಚ್ಚುತ್ತೇವೆ ಎಂದು ತಂಡ ಆಸ್ಪತ್ರೆಯನ್ನು ಕೇಳಿತ್ತು. ಆಸ್ಪತ್ರೆಯವರು ಗುರುತು ಮಾಡಿದ್ದರು. ಕುಪ್ಪಸದ ಹುಕ್ಕು, ಸೇಫ್ಟಿ ಪಿನ್ನು, ಉಡದಾರಕ್ಕೆ ಕಟ್ಟಿದ ಬೀಗದ ಕೈ, ತಾಯತ, ತಾಳಿ, ಕಿಸೆಯಲ್ಲಿ ಮರೆತ ನಾಣ್ಯ ಯಾವುದನ್ನೂ ಬಿಟ್ಟಿರಲಿಲ್ಲ. ಲಿಂಗದ ಮೇಲೆ ಮಾತ್ರ ಒಂದು ಚಿತ್ರದಲ್ಲೂ ಗುರುತು ಬಿದ್ದಿರಲಿಲ್ಲ.

ಶೈಲಾ ಕಾಶಿನಾಥನತ್ತ ತಿರುಗಿದಳು. ಗುರುತು ಮಾಡಿದವರಲ್ಲಿ ಅವನೇ ಮುಖ್ಯ. ಮಾಡಿದ್ದನ್ನು ಪರಿಶೀಲಿಸಿದವಳು ಅವಳು.

"ನೀವು ವಸ್ತು ಗುರುತ ಮಾಡಂದ್ರಿ, ಮಾಡಿದ್ನಿ" ಎಂದ ಕಾಶಿನಾಥ. "ಲಿಂಗ ವಸ್ತು ಹ್ಯಾಂಗಾದೀತ್ರಿ ಮೇಡಂ?"

ಅವನು ವಾದಕ್ಕೆ ಹೇಳಿದ್ದಲ್ಲ. ಕೂಸಿಗೆ ಕಟ್ಟಿದ ಲಿಂಗ ಸಮಾಧಿಯವರೆಗೂ ಮೈ ಬಿಡುವುದಿಲ್ಲ. ಕೈ, ಕಾಲು ಇದ್ದ ಹಾಗೆ ಅದೂ. ಎಕ್ಸ್-ರೇಯಲ್ಲಿ ಪಕ್ಕೆಲುಬನ್ನು ಹೊರ ವಸ್ತು ಎಂದು ಯಾರು ಗುರುತು ಮಾಡುತ್ತಾರೆ? ಗೋಕಾಕದ ಆಸ್ಪತ್ರೆಯ ಬದಲು ಬೇರೆಲ್ಲಿಯಾದರೂ ಈ ಕೆಲಸ ಕೊಟ್ಟಿದ್ದರೆ ಮೊದಲ ದಿನವೇ ಅದರ ಮೇಲೆ ಗುರುತು ಬೀಳುತ್ತಿತ್ತು.

ಆದರೆ ಇದರಿಂದ ಅರ್ಧ ಮಾತ್ರ ಬಗೆಹರಿಯಿತು. ಸಾಫ್ಟ್‌ವೇರ್ ಲಿಂಗವನ್ನು ನೋಡಿತು, ಸರಿ. ನೋಡಿ ಸ್ಕ್ರೂ ಬೇಕೆಂದು ಯಾಕೆ ಹೇಳಿತು? ಹುಕ್ಕು, ತಾಯತಗಳಂತೆ ಅದನ್ನೂ ಅರ್ಥವಿಲ್ಲದ್ದೆಂದು ಬಿಡಬಹುದಿತ್ತಲ್ಲ?

ಅದಕ್ಕೆ ಉತ್ತರ ಸಿಕ್ಕಿದ್ದು ಓಪಿಡಿಯ ಚಿತ್ರಗಳನ್ನೂ ವಾರ್ಡಿನ ಚಿತ್ರಗಳನ್ನೂ ಬೇರೆ ಬೇರೆ ಮಾಡಿ ನೋಡಿದಾಗ. ನಡೆದುಕೊಂಡು ಓಪಿಡಿಗೆ ಬರುವ ರೋಗಿಗೆ ಕಾಶಿನಾಥ ಲಿಂಗ ತೆಗೆದಿಡಿ ಎನ್ನುತ್ತಿರಲಿಲ್ಲ. ಮೈಯಿಂದ ಬೇರೆ ಮಾಡುವ ಪ್ರಶ್ನೆಯೇ ಇಲ್ಲ. ಅಂಗೈಯಲ್ಲಿ ಹಿಡಿದು ಕೈ ತಲೆಯ ಮೇಲೆ ಚಾಚಿ ಮಲಗಿ ಎನ್ನುತ್ತಿದ್ದ. ಲಿಂಗ ಮೈ ಬಿಡಲಿಲ್ಲ, ಚಿತ್ರಕ್ಕೂ ಅಡ್ಡ ಬರಲಿಲ್ಲ. ಅವನಿಗೆ ಕೆಲಸ ಕಲಿಸಿದವರು ಹಾಗೆ ಕಲಿಸಿದ್ದರು. ಹೀಗಾಗಿ ಓಪಿಡಿಯ ಚಿತ್ರಗಳಲ್ಲಿ ಲಿಂಗ ಕಾಣುತ್ತಿರಲಿಲ್ಲ; ಬಾಳವ್ವನ ಶನಿವಾರದ ಚಿತ್ರದಲ್ಲೂ ಇರಲಿಲ್ಲ. ವಾರ್ಡಿನ ಕತೆ ಬೇರೆ. ಟ್ರ್ಯಾಕ್ಟರ್ ಉರುಳಿ, ಮಾಳಿಗೆಯಿಂದ ಬಿದ್ದು, ಬೆನ್ನು ಮುರಿದುಕೊಂಡು ಸ್ಟ್ರೆಚರಿನ ಮೇಲೆ ಬಂದವರನ್ನು ಅಲುಗಿಸುವಂತಿಲ್ಲ. ಹೇಗೆ ಮಲಗಿದ್ದರೋ ಹಾಗೇ ಚಿತ್ರ. ಲಿಂಗ ಎಲ್ಲಿ ಬಿದ್ದಿತ್ತೋ ಅಲ್ಲೇ ಇರಲಿ. ಅಂಥವರಲ್ಲಿ ಹೆಚ್ಚಿನವರಿಗೆ ಆಮೇಲೆ ಸ್ಕ್ರೂ ಬಿದ್ದಿತ್ತು.

ತರಬೇತಿಗೆ ಕೊಟ್ಟ ಆರು ವರ್ಷಗಳ ಚಿತ್ರಗಳಲ್ಲಿ ಸಾಫ್ಟ್‌ವೇರ್ ಲಿಂಗವನ್ನು ಕಂಡಾಗ ಬಹುಮಟ್ಟಿಗೆ ಮುಂದೆ ಸ್ಕ್ರೂ ಕಂಡಿತ್ತು. ಲಿಂಗ ಕಂಡರೆ ಸ್ಕ್ರೂ ಎಂದು ಕಲಿತಿತ್ತು. ಕಲಿತದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಬಳಸಿದ್ದೂ ಇದೇ ಆಸ್ಪತ್ರೆಯ ಚಿತ್ರಗಳನ್ನೇ. ಅಲ್ಲಿ ಈ ಪಾಠ ಸರಿಯುತ್ತರವನ್ನೇ ಕೊಟ್ಟಿತ್ತು. ವ್ಯಾನು ಹತ್ತರಗಿಗೆ ಹೋಗಿ, ಕಾಶಿನಾಥನ ಪದ್ಧತಿ ಗೊತ್ತಿಲ್ಲದ ಟೆಕ್ನಿಷಿಯನ್ ಒಬ್ಬ ನಡೆದು ಬಂದ ರೋಗಿಯನ್ನು ಲಿಂಗದ ಸಮೇತ ಮಲಗಿಸುವವರೆಗೂ ತಪ್ಪು ಹೊರಗೆ ಬರಲು ದಾರಿಯಿರಲಿಲ್ಲ.

ಇದು ಊಹೆಯಷ್ಟೇ, ನೋಡಬೇಕು ಎಂದಳು ಸುಮನ. ಬಾಳವ್ವನ ಚಿತ್ರದಿಂದ ಲಿಂಗವನ್ನು ಕಂಪ್ಯೂಟರಿನಲ್ಲಿ ಅಳಿಸಿದಾಗ ಎಂಬತ್ನಾಲ್ಕು ನಲವತ್ತಕ್ಕೆ ಇಳಿಯಿತು. ಇನ್ನು ಇದರ ಉಲ್ಟಾ ಪರೀಕ್ಷೆ. ಅದಕ್ಕೆ ಯಾವ ತೊಂದರೆಯೂ ಇಲ್ಲದ ಬೆನ್ನು ಬೇಕಿತ್ತು. ಹಿಂದೊಮ್ಮೆ ಸೊಂಟ ಉಳುಕಿದಾಗ ತೆಗೆದಿದ್ದ ತನ್ನದೇ ಎಕ್ಸ್-ರೇಯನ್ನು ಕಾಶಿನಾಥ ಕೊಟ್ಟ. ಅದಕ್ಕೆ ಸಾಫ್ಟ್‌ವೇರ್ ಕೊಟ್ಟ ಅಂಕಿ ಆರು. ಬಾಳವ್ವನ ಚಿತ್ರದ ಬಿಳಿ ಗುರುತನ್ನು ಕತ್ತರಿಸಿ ಅದರ ಮೇಲೆ ಅಂಟಿಸಿದಾಗ ಅಂಕಿ ಅರವತ್ತೊಂಬತ್ತಾಯಿತು.

"ಹಂಗಾದ್ರ ನನಗ ಗುರುವಾರ ರಜಾ ಕೊಡ್ರಿ ಮೇಡಂ" ಎಂದ ಕಾಶಿನಾಥ. "ನಾನೂ ಸ್ಕ್ರೂ ಹಾಕಿಸ್ಕೋಬೇಕಲ್ಲ."

ಶೈಲಾ ನಕ್ಕಳು. ಆಮೇಲೆ ಸಾಫ್ಟ್‌ವೇರ್ ಬಳಸುವುದನ್ನು ನಿಲ್ಲಿಸಿ, ಶಿಬಿರಗಳಿಂದ ಬಂದ ಉಳಿದವರ ಚಿತ್ರಗಳನ್ನೆಲ್ಲ ಕಡತದಿಂದ ತೆಗೆಸಿ ನೋಡಿದಳು. ಸಾಫ್ಟ್‌ವೇರ್ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಂಕಿಯ ಮೇಲೆ ಆಪರೇಷನ್ ನಿಗದಿಯಾದವರಲ್ಲಿ ಬಾಳವ್ವನೇ ಮೊದಲಿಗಳು. ಇನ್ನಿಬ್ಬರ ಚಿತ್ರದಲ್ಲಿ ಲಿಂಗವಿತ್ತು. ಅವರಿಗೆ ತಾರೀಖು ಕೊಟ್ಟಿರಲಿಲ್ಲ. ಇಬ್ಬರನ್ನೂ ಮತ್ತೆ ಕರೆಸಲು ಹೇಳಿದಳು.

ಸಂಜೆ ಅರಭಾವಿಯಿಂದ ಬಸ್ಸಿನಲ್ಲಿ ಮರಳುವಾಗ ಗುರುರಾಜ ಗೋಕಾಕದಲ್ಲಿ ಇಳಿದು ಆಸ್ಪತ್ರೆಗೆ ಬಂದ. ಶೈಲಾ ಆದದ್ದನ್ನು ಆದಂತೆಯೇ ಹೇಳಿದಳು. ತಾನು ಪರಿಶೀಲಿಸಿಯೂ ಲಿಂಗವನ್ನು ಕಾಣಲಿಲ್ಲ ಎಂಬುದನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಮೂವತ್ತೇಳಾದರೆ ಸ್ಕ್ರೂ ಬೇಡ ಅಂದಹಾಗಾಯಿತಲ್ಲ, ಅದೇ ಖರೆ ಅಂಕಿಯಲ್ಲವೇ ಎಂದು ಕೇಳಿದ.

"ನನಗ ಗೊತ್ತಿಲ್ರಿ" ಎಂದಳು ಶೈಲಾ. "ಎಂಬತ್ನಾಕನ್ನ ಸುಳ್ಳ ಕಾರಣಕ್ಕ ಕೊಟ್ಟದ್ದು ಗೊತ್ತಾತು. ಮೂವತ್ತೇಳನ್ನ ಯಾವ ಕಾರಣಕ್ಕ ಕೊಟ್ಟೈತಿ, ಅದು ಗೊತ್ತಾಗಿಲ್ಲ. ನಿಮ್ಮವ್ವಾರನ್ನ ನಾಳೆ ಕರ್ಕೊಂಡ ಬರ್ರಿ. ನಾನ ನೋಡತೇನಿ."

ಮರುದಿನ ಮಂಗಳವಾರ ಮೂಡಲಗಿಯಲ್ಲಿ ಶೈಲಾಳ ಓಪಿಡಿ ಇತ್ತು. ಅದನ್ನು ಮಧ್ಯಾಹ್ನಕ್ಕೆ ಮುಂದೂಡಿ ಬೆಳಿಗ್ಗೆ ಗೋಕಾಕದಲ್ಲೇ ಉಳಿದಳು. ಬಾಳವ್ವ ಬಂದು, ಕುರ್ಚಿಯಲ್ಲಿ ಕೂತು, ಎಲ್ಲವನ್ನೂ ಕೇಳಿಸಿಕೊಂಡಳು. ಎರಡೂ ಚಿತ್ರ ತೋರಿಸಿರಿ ಎಂದಳು. ಬಿಳಿ ಗುರುತಿನ ಮೇಲೆ ಬೆರಳಿಟ್ಟು, ಕೊರಳಲ್ಲಿದ್ದ ಕರಡಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಗಾತ್ರ ಹೋಲಿಸಿದಳು.

"ಅಷ್ಟ ಶಾಣ್ಯಾ ಮಷಿನ್ನಿಗೆ ನನ್ನ ಲಿಂಗ ಕಾಣಿಸ್ತು. ಬೆನ್ನ ಕಾಣಲಿಲ್ಲನ್ರಿ ಬಾಯಾರ?" ಎಂದು ಶೈಲಾಳನ್ನು ಕೇಳಿದಳು.

"ಬೆನ್ನೂ ನೋಡೈತಿ. ಆದರ ಲಿಂಗಕ್ಕ ಹೆಚ್ಚ ಬೆಲಿ ಕೊಟ್ಟೈತಿ."

"ಹಂಗಾದ್ರ ನಮ್ಮ ಗುರ್ಯಾಗಿಂತ ಅಡ್ಡಿಯಿಲ್ಲ" ಎಂದಳು ಬಾಳವ್ವ. ಗುರುರಾಜ ನೆಲ ನೋಡಿದ. ಅವನು ಬೆಳಿಗ್ಗೆ ಪೂಜೆ ಮಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಅಂಕಿ ಇಲ್ಲದೆ ತೀರ್ಮಾನಿಸುವ ಹಳೆಯ ದಾರಿ ಒಂದಿತ್ತು. ಜಾರಿದ ಮೂಳೆ ಜಾರಿದಲ್ಲೇ ಗಟ್ಟಿಯಾಗಿ ನಿಂತಿದೆಯೋ, ಮೈ ಬಾಗಿಸಿದಾಗ ಇನ್ನೂ 'ಓಡಾಡುತ್ತದೆಯೋ' ಎಂದು ನೋಡುವುದು. ನಿಂತಿದ್ದರೆ ಸ್ಕ್ರೂ ಇಲ್ಲದೆ ಸಾಗಬಹುದು; ಓಡಾಡುತ್ತಿದ್ದರೆ ಬಿಗಿಯುವುದು ಒಳ್ಳೆಯದು. ಮೂರು ಮಿಲಿಮೀಟರಿಗಿಂತ ಹೆಚ್ಚು ಕದಲಿದರೆ ಶೈಲಾ ಸ್ಕ್ರೂ ಹಾಕುತ್ತಿದ್ದಳು. ಶನಿವಾರ ಹೀಗೆ ಬಾಗಿಸಿದ ಚಿತ್ರಗಳನ್ನೂ ತೆಗೆಸಿದ್ದರು. ನಿಂತುಕೊಂಡು ಮುಂದಕ್ಕೆ ಬಾಗಿ ಎಂದಾಗ ಬಾಳವ್ವ ತೊಡೆಯ ಮೇಲೆ ಕೈಯೂರಿ ನಾಚಿದವಳಂತೆ ತುಸುವೇ ಬಾಗಿದ್ದಳು. ಮೂಳೆ ಕದಲಿರಲಿಲ್ಲ. ಆದರೆ ಬೆನ್ನೇ ಬಾಗದಿದ್ದಾಗ ಮೂಳೆ ಕದಲಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಕೈಯಲ್ಲಿ ಅಂಕಿ ಇದ್ದದ್ದರಿಂದ ಶೈಲಾ ಆಗ ಅದನ್ನು ಅಷ್ಟಕ್ಕೇ ಬಿಟ್ಟಿದ್ದಳು.

ನಿಂತು ಬಾಗಿದಾಗ ಕಾಣದ ಚಲನೆ ಕೂತು ಬಾಗಿದಾಗ ಕಾಣುತ್ತದೆ ಎಂದು ಅವಳು ಓದಿದ್ದಳು. ಬಾಳವ್ವನಿಗೆ ಒಂದೇ ಪ್ರಶ್ನೆ ಕೇಳಿದಳು: ಒಲೆಯ ಮುಂದೆ ಹೇಗೆ ಕೂರುತ್ತೀರಿ, ಹಾಗೇ ಕೂರಬಲ್ಲಿರಾ?

ಎಕ್ಸ್-ರೇ ಫಲಕ ನೆಲದವರೆಗೆ ಇಳಿಯುತ್ತಿರಲಿಲ್ಲ. ರೋಗಿಗಳು ಮೇಜು ಹತ್ತಲು ಇಟ್ಟಿದ್ದ ಮರದ ಮೆಟ್ಟಿಲುಗಳನ್ನು ಕಾಶಿನಾಥ ಜೋಡಿಸಿ, ಮೇಲೊಂದು ಹಲಗೆ ಹಾಸಿ ಜಗಲಿಯಂತೆ ಮಾಡಿದ. ಗುರುರಾಜನೂ ಅವನೂ ಸೇರಿ ಆಕೆಯನ್ನು ಹತ್ತಿಸಿದರು. ಬಾಳವ್ವ ಎಡಗಾಲು ಮಡಚಿ, ಬಲ ಮೊಣಕಾಲು ಎತ್ತಿ ಕೂತಳು. ಲಿಂಗವನ್ನು ಎಲ್ಲಿ ಹಿಡಿಯಲಿ ಎಂದು ಕೇಳಿದಳು.

"ಕೊರಳಾಗ ಇರ್ಲಿ ಬಿಡ್ರಿ" ಎಂದ ಕಾಶಿನಾಥ. "ಇವತ್ತ ಮಷಿನ್ ನೋಡಂಗಿಲ್ಲ. ಬಾಯಾರ ನೋಡತಾರ."

ಆಕೆ ಬಾಗಿದಳು. ಇಲ್ಲದ ಹಿಟ್ಟಿನ ಮೇಲೆ ಅಂಗೈ ಒತ್ತಿದಾಗ ಬೆನ್ನು ಬಿಲ್ಲಿನಂತೆ ಬಗ್ಗಿತು, ಹೆಗಲು ಮುಂದಕ್ಕೆ ಹೋಯಿತು. ಶನಿವಾರ ತೊಡೆಯ ಮೇಲೆ ಕೈಯೂರಿ ನಿಂತವಳು ಈಕೆಯೇ ಎಂದು ಹೇಳುವಂತಿರಲಿಲ್ಲ. ಹೀಗೆ ಕೂತರೆ ಕಾಲು ನೋಯುವುದೇ ಇಲ್ಲ, ಮನೆಯವರು ನಂಬುವುದಿಲ್ಲ ಎಂದಳು. ನಂಬುತ್ತೇನೆ ಎಂದಳು ಶೈಲಾ. ಬಾಗಿದಾಗ ನರದ ದಾರಿ ತುಸು ಅಗಲವಾಗುತ್ತದೆ. ಉಸಿರು ಹಿಡಿಯಿರಿ ಎಂದು ಕಾಶಿನಾಥ ಒಳಗಿನಿಂದ ಕೂಗಿದ.

ಪರದೆಯ ಮೇಲೆ ಶೈಲಾ ನಾಲ್ಕನೇ ಮೂಳೆಯ ಹಿಂದಿನ ಅಂಚಿಗೊಂದು ಗೆರೆ ಎಳೆದಳು, ಐದನೆಯದಕ್ಕೊಂದು. ನಿಂತ ಚಿತ್ರದಲ್ಲೂ ಹಾಗೇ ಎಳೆದು ಎರಡರ ವ್ಯತ್ಯಾಸ ತೆಗೆದಳು. ಮತ್ತೊಮ್ಮೆ ಅಳೆದಳು. ಕಾಶಿನಾಥನಿಗೆ ಉತ್ತರ ಹೇಳದೆ ಅವನಿಂದಲೂ ಅಳೆಸಿದಳು. ಇಬ್ಬರ ಲೆಕ್ಕವೂ ಒಂದೂವರೆ ಮಿಲಿಮೀಟರಿನ ಆಸುಪಾಸಿನಲ್ಲೇ ಬಂತು, ಮೂರರ ಒಳಗೆ.

ಶೈಲಾ ತಾಯಿ ಮಗನನ್ನು ಕೂರಿಸಿಕೊಂಡು ಎರಡೂ ದಾರಿ ವಿವರಿಸಿದಳು. ಸ್ಕ್ರೂ ಇಲ್ಲದ ಆಪರೇಷನ್ ಚಿಕ್ಕದು, ರಕ್ತ ಕಡಿಮೆ, ಎರಡು ತಿಂಗಳಲ್ಲಿ ನೆಲದ ಮೇಲೆ ಕೂರುವುದನ್ನು ಸ್ವಲ್ಪಸ್ವಲ್ಪವಾಗಿ ಶುರು ಮಾಡಬಹುದು. ಆದರೆ ಮುಂದೆ ಮೂಳೆ ಇನ್ನಷ್ಟು ಜಾರುವ ಸಾಧ್ಯತೆ ಇದ್ದೇ ಇದೆ. ತಾನು ಓದಿದ ದೊಡ್ಡ ಅಧ್ಯಯನದಲ್ಲಿ ಸ್ಕ್ರೂ ಇಲ್ಲದವರ ಪೈಕಿ ಎರಡು ವರ್ಷದಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು. ಸ್ಕ್ರೂ ಹಾಕಿದವರಲ್ಲೂ ಒಂಬತ್ತು ಮಂದಿಗೆ ಬೇಕಾಯಿತು.

ಹನ್ನೆರಡಕ್ಕಿಂತ ಒಂಬತ್ತು ಕಡಿಮೆಯಲ್ಲವೇ ಎಂದ ಗುರುರಾಜ. ಒಮ್ಮೆ ಹಾಕಿಸಿಬಿಟ್ಟರೆ ಮುಗಿದುಹೋಗುತ್ತದೆ, ಮತ್ತೆ ಮತ್ತೆ ಬೆನ್ನು ತೆರೆಯುವುದು ಯಾಕೆ ಎಂದ.

"ನಿನ್ನ ಬೆನ್ನಿಗೆ ಹಾಕಿಸ್ಕೋ" ಎಂದಳು ಬಾಳವ್ವ. ಆಮೇಲೆ ಶೈಲಾಳ ಮುಖ ನೋಡಿದಳು. "ಬಾಯಾರ, ಒಂದ ಕೇಳತೇನಿ, ಖರೆ ಹೇಳ್ರಿ. ಆ ಎಂಬತ್ನಾಕ ಬರೂಕಿಂತ ಮೊದಲ ನಿಮಗ ಏನ ಅನಿಸಿತ್ತು?"

ಆ ಪ್ರಶ್ನೆಯನ್ನು ಹುಬ್ಬಳ್ಳಿಯವರು ಕೇಳಿರಲಿಲ್ಲ. ಶೈಲಾಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಅವಳು ನೆನಪು ಮಾಡಿಕೊಂಡು ಹೇಳಿದಳು:

"ಸ್ಕ್ರೂ ಬ್ಯಾಡ ಅನಿಸಿತ್ತು. ಆದರ ಅಷ್ಟ ಖಾತ್ರಿ ಇರಲಿಲ್ಲ. ಅಂಕಿ ನೋಡಿದ್ನಿ, ಮನಸ ಆ ಕಡಿ ವಾಲ್ತು."

"ಈಗ?"

"ಈಗೂ ಪೂರಾ ಖಾತ್ರಿ ಇಲ್ಲ. ಆದರ ಈಗ ನಿಮ್ಮ ಬೆನ್ನ ಬಾಗೂದನ್ನ ನೋಡೇನಿ."

ಹನ್ನೆರಡು ಮಂದಿಯಲ್ಲಿ ತಾನೂ ಒಬ್ಬಳಾದರೆ ಆಗ ಬಂದು ಹಾಕಿಸಿಕೊಳ್ಳುತ್ತೇನೆ, ಈಗ ಬೇಡ ಎಂದಳು ಬಾಳವ್ವ.

ಇನ್ನೊಂದು ಮಾತು ಉಳಿದಿದೆ ಎಂದಳು ಶೈಲಾ. ಚಿತ್ರದಲ್ಲಿ ಕಾಣುವುದೇ ಬೇರೆ, ಬೆನ್ನು ತೆರೆದಾಗ ಕೈಗೆ ಸಿಗುವುದೇ ಬೇರೆ. ಒಳಗೆ ಮೂಳೆ ಸಡಿಲವಿರುವುದು ಕಂಡರೆ ಸ್ಕ್ರೂ ಹಾಕದೆ ಬಿಡುವುದು ತಪ್ಪಾಗುತ್ತದೆ. ಬೆಳಗಾವಿಯಿಂದ ಬಂದ ಸ್ಕ್ರೂಗಳ ಪೆಟ್ಟಿಗೆ ಥಿಯೇಟರಿನಲ್ಲಿ ಸೀಲು ಹಾಕಿದಂತೆಯೇ ಇರುತ್ತದೆ. ಬೇಕಾದರೆ ಮಾತ್ರ ಸೀಲು ಒಡೆಯುತ್ತೇನೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಇದು ಬಾಳವ್ವನಿಗೆ ಹಿಡಿಸಲಿಲ್ಲ. ಒಪ್ಪಿಗೆ ಕೊಟ್ಟರೆ ಕೊನೆಗೆ ಹಾಕಿಯೇ ಬಿಡುತ್ತಾರೆ ಎನ್ನುವ ಅಳುಕು ಮುಖದಲ್ಲಿ ಕಂಡಿತು. ಬಲಗಾಲಿನ ಹೆಬ್ಬೆರಳನ್ನು ಮೇಲೆತ್ತಲು ನೋಡಿದಳು. ಅದು ಎಡಗಾಲಿನ ಬೆರಳಿನ ಅರ್ಧಕ್ಕೆ ಬಂದು ನಿಂತಿತು.

"ಆತು" ಎಂದಳು. "ನೀವ ಕೈಲೆ ಮುಟ್ಟಿ ನೋಡಿ, ಸಡಲ ಐತಿ ಅಂದ್ರ ಹಾಕ್ರಿ. ಯಾವದರ ಅಂಕಿ ನೋಡಿ ಹಾಕಬ್ಯಾಡ್ರಿ."

ಗುರುವಾರ ಬೆಳಿಗ್ಗೆ ಬಾಳವ್ವನನ್ನು ಒಳಗೆ ಕರೆದೊಯ್ದರು. ಗುರುರಾಜ ಕಾಲೇಜಿಗೆ ರಜೆ ಹಾಕಿ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅಲ್ಲವ್ವ. ರೊಟ್ಟಿ ಬಡಿಯುವ ಉಳಿದ ಹೆಂಗಸರು ಇವತ್ತೂ ಒಲೆ ಹಚ್ಚಿದ್ದಾರೆ, ಹತ್ತರಗಿಯ ಹೋಟೆಲಿನವರು ಕಾಯುವುದಿಲ್ಲ ಎಂದು ಅವಳು ಹೇಳಿದಳು. ಮೊದಲ ಒಲೆಯಲ್ಲಿ ಯಾರು ಕೂತಿದ್ದಾರೆ ಎಂದು ಗುರುರಾಜ ಕೇಳಿದ. ಯಾರೂ ಕೂತಿಲ್ಲ, ಅದನ್ನು ಹಚ್ಚಿಲ್ಲ ಎಂದಳು ಅಲ್ಲವ್ವ.

ಬಾಗಿಲ ಮೇಲಿನ ಕೆಂಪು ದೀಪ ಬಹಳ ಹೊತ್ತು ಉರಿಯಿತು. ಹೊತ್ತು ಏರಿದಷ್ಟೂ ಗುರುರಾಜನಿಗೆ ಒಳಗೆ ಸ್ಕ್ರೂ ತಿರುಗಿಸುತ್ತಿದ್ದಾರೆ ಎನ್ನಿಸತೊಡಗಿತು. ಚಿಕ್ಕ ಆಪರೇಷನ್ ಎಂದಿದ್ದರಲ್ಲ ಎಂದು ಅವನು ಎರಡು ಸಲ ಎದ್ದು ಕೂತ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಮೊದಲು ಬಂದದ್ದು ಶೈಲಾ ಅಲ್ಲ. ಸಾತಪ್ಪ ಎಂಬ ಥಿಯೇಟರಿನ ಸಹಾಯಕ ಸ್ಟೀಲಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಸಂಜೆಯ ಬಸ್ಸಿಗೆ ಬೆಳಗಾವಿಗೆ ವಾಪಸು ಕಳಿಸಬೇಕೆಂದು ಯಾರಿಗೋ ಹೇಳುತ್ತ ಹೊರಗೆ ಬಂದ. ಗುರುರಾಜ ಎದ್ದು ಅವನ ದಾರಿಗೆ ಅಡ್ಡ ನಿಂತ. ಏನು ಬೇಕು ಎಂದು ಸಾತಪ್ಪ ಕೇಳಿದ.

ಗುರುರಾಜ ಬಗ್ಗಿ ಪೆಟ್ಟಿಗೆಯ ಮುಚ್ಚಳ ನೋಡಿದ. ಸೀಲು ಒಡೆದಿರಲಿಲ್ಲ.